ರಖ್ಮಾಬಾಯಿ

೧೮೮೭ರ ಮಾರ್ಚ್ ತಿಂಗಳಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು ೨೨ ವರ್ಷದ ತರುಣಿಯೊಬ್ಬರ ಮುಂದೆ ಎರಡು ದಾರಿಗಳನ್ನು ಇರಿಸಿತು. ಒಂದು ತಿಂಗಳೊಳಗೆ ಗಂಡನ ಮನೆ ಸೇರಬೇಕು. ತಪ್ಪಿದರೆ ೬ ತಿಂಗಳ ಸೆರೆವಾಸ ಅನುಭವಿಸಬೇಕು. ಆಕೆ ಸೆರೆಮನೆಯನ್ನೇ ಆರಿಸಿಕೊಂಡರು. ಆ ತರುಣಿಯೇ ರಖ್ಮಾಬಾಯಿ.

ಅವರು ಹುಟ್ಟಿದುದು ೧೮೬೪ರಲ್ಲಿ, ಮುಂಬಯಿಯಲ್ಲಿ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡರು. ತಾಯಿ ಜಯಂತೀಬಾಯಿ ಡಾಕ್ಟರ್ ಸಖಾರಾಮ ಅರ್ಜುನರನ್ನು ಮರುಮದುವೆಯಾದರು. ಸಖಾರಾಮರು ವೈದ್ಯರು, ಸಸ್ಯಶಾಸ್ತ್ರಜ್ಞರು, ಉದಾರ ಮನಸ್ಸಿನವರು. ಹಾಗಿದ್ದರೂ ಅಂದಿನ ರೂಢಿಯಂತೆ ಬಾಲಕಿಗೆ ೧೧ನೆಯ ವಯಸ್ಸಿನಲ್ಲಿ ದಾದಾಜಿ ಭಿಕಾಜಿ ಎಂಬ ತರುಣನೊಡನೆ ಮದುವೆಯಾಯಿತು. ಶಾಲೆ ಅಲ್ಲಿಗೆ ನಿಂತಿತು. ಆದರೆ ಆಕೆ ತವರಿನಲ್ಲಿಯೇ ಉಳಿದು, ಮನೆಯಲ್ಲಿ ದೊರೆತ ಪುಸ್ತಕಗಳನ್ನು ಓದುತ್ತ ಬೆಳೆದರು. ಗಂಡನಾದರೋ ವಿದ್ಯೆಯನ್ನು ಕೈಬಿಟ್ಟಿದ್ದನು. ಅವನ ಆರೋಗ್ಯವೂ ಕೆಟ್ಟಿತ್ತು. ೧೮೮೪ರಲ್ಲಿ ಅವನು ಹೆಂಡತಿಯನ್ನು ತನ್ನೊಡನೆ ಬಾಳಲು ಕಳುಹಿಸಬೇಕೆಂದು ದಾವೆ ಹೂಡಿದನು.

ರಖ್ಮಾಬಾಯಿಯವರ ಉತ್ತರ ಸರಳವಾಗಿತ್ತು. ತಿಳಿವಳಿಕೆ ಬರುವ ಮೊದಲೇ, ತನ್ನ ಒಪ್ಪಿಗೆಯನ್ನು ಕೇಳದೆ ನಡೆದ ಮದುವೆಯ ಹೆಸರಿನಲ್ಲಿ ತನ್ನನ್ನು ಒಬ್ಬ ಪುರುಷನ ವಶಕ್ಕೆ ಒಪ್ಪಿಸುವುದು ನ್ಯಾಯವಲ್ಲವೆಂದು ಅವರು ವಾದಿಸಿದರು. ೧೮೮೫ರಲ್ಲಿ ನ್ಯಾಯಮೂರ್ತಿ ಪಿನ್ಹೆಯವರು ಈ ವಾದಕ್ಕೆ ಮನ್ನಣೆಯಿತ್ತು ದಾವೆಯನ್ನು ತಳ್ಳಿಹಾಕಿದರು. ಅದೇ ವರ್ಷ ಹಿಂದೂ ಮಹಿಳೆ ಎಂಬ ಅಂಕಿತದಲ್ಲಿ ರಖ್ಮಾಬಾಯಿಯವರು ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಗೆ ಬರೆದ ಪತ್ರಗಳು ಬಾಲ್ಯವಿವಾಹದಿಂದ ಹೆಣ್ಣುಮಕ್ಕಳಿಗೆ ಒದಗುವ ದುಃಖವನ್ನು ನಾಡಿನ ಮುಂದಿಟ್ಟವು. ಆದರೆ ಮೇಲ್ಮನವಿಯಲ್ಲಿ ಆ ತೀರ್ಪು ನಿಲ್ಲಲಿಲ್ಲ. ಧರ್ಮಕ್ಕೆ ಹಾನಿಯಾಯಿತೆಂದು ಹಲವರು ಕೂಗೆಬ್ಬಿಸಿದ್ದರು. ಬಾಲಗಂಗಾಧರ ತಿಲಕರಂಥ ದೇಶಭಕ್ತರೂ ಆಕೆಯ ವಿರುದ್ಧ ನಿಂತುದು ಇಂದು ಓದುವವರಿಗೆ ಬೇಸರ ತರುತ್ತದೆ. ವಿಚಿತ್ರವೆಂದರೆ, ಹೆಂಡತಿಯನ್ನು ಹೀಗೆ ಸೆರೆಗೆ ಕಳುಹಿಸುವ ಕಟ್ಟಳೆ ನಮ್ಮ ಧರ್ಮಶಾಸ್ತ್ರದ್ದಲ್ಲ, ಇಂಗ್ಲೆಂಡಿನಿಂದ ಬಂದುದು. ದಾದಾಜಿ ದಾವೆ ಹೂಡಿದ ೧೮೮೪ರಲ್ಲಿಯೇ ಇಂಗ್ಲೆಂಡು ಆ ಶಿಕ್ಷೆಯನ್ನು ತನ್ನಲ್ಲಿ ರದ್ದುಮಾಡಿತ್ತು!

ರಾಣಿ ವಿಕ್ಟೋರಿಯ ಈ ಮದುವೆಯನ್ನು ಅನೂರ್ಜಿತಗೊಳಿಸಿದಳೆಂಬ ಕಥೆಯೊಂದು ಬಳಕೆಯಲ್ಲಿದೆ. ನಿಜವಾಗಿ ನಡೆದುದು ರಾಜಿ. ೧೮೮೮ರಲ್ಲಿ ೨,೦೦೦ ರೂಪಾಯಿಗಳನ್ನು ಪಡೆದು ದಾದಾಜಿ ತನ್ನ ಹಕ್ಕನ್ನು ಬಿಟ್ಟುಕೊಟ್ಟನು. ರಖ್ಮಾಬಾಯಿಯವರಿಗೆ ಸೆರೆವಾಸ ತಪ್ಪಿತು, ಕಾನೂನು ಮಾತ್ರ ಹಾಗೆಯೇ ಉಳಿಯಿತು.

ಆ ಕಾನೂನಿನ ಕಠೋರತೆ ಬಲುಬೇಗ ಇನ್ನೊಂದು ರೀತಿಯಲ್ಲಿ ಕಾಣಿಸಿಕೊಂಡಿತು. ೧೮೬೦ರ ದಂಡ ಸಂಹಿತೆಯಂತೆ ಹೆಂಡತಿಗೆ ೧೦ ವರ್ಷ ತುಂಬಿದ್ದರೆ ಗಂಡನ ಬಲಾತ್ಕಾರವು ಅತ್ಯಾಚಾರವೆನಿಸುತ್ತಿರಲಿಲ್ಲ. ೧೮೯೦ರಲ್ಲಿ ಕಲ್ಕತ್ತೆಯ ನ್ಯಾಯಾಲಯದ ಮುಂದೆ ಒಂದು ಮೊಕದ್ದಮೆ ಬಂದಿತು. ೧೦ ವರ್ಷವನ್ನು ದಾಟಿದ್ದ ಎಳೆಯ ಹುಡುಗಿಯೊಬ್ಬಳು ತನಗಿಂತ ಬಹಳ ಹಿರಿಯನಾದ ಗಂಡನ ಬಲಾತ್ಕಾರದಿಂದ ಸತ್ತಿದ್ದಳು. ಅವನ ಮೇಲೆ ಅತ್ಯಾಚಾರದ ಆರೋಪ ಹೊರಿಸಲು ಅವಕಾಶವಿರಲಿಲ್ಲ. ೧ ವರ್ಷದ ಕಠಿಣ ಸಜೆಯಷ್ಟೇ ಆಯಿತು. ರಖ್ಮಾಬಾಯಿಯವರ ಮೊಕದ್ದಮೆಯಿಂದ ಎಚ್ಚೆತ್ತಿದ್ದ ಜನ ಈ ಸುದ್ದಿಯಿಂದ ತಲ್ಲಣಿಸಿದರು. ಪತ್ರಿಕೋದ್ಯಮಿ ಬೆಹ್ರಾಮ್‌ಜಿ ಮಲಬಾರಿಯವರು ೧೮೮೪ರಿಂದ ನಡೆಸಿದ್ದ ಪ್ರಚಾರಕ್ಕೆ ಬಲ ಬಂದಿತು. ೧೮೯೧ರ ಸಮ್ಮತಿ ವಯಸ್ಸಿನ ಕಾಯಿದೆಯು ಆ ಮಿತಿಯನ್ನು ೧೨ಕ್ಕೆ ಏರಿಸಿತು. ನಮ್ಮ ಮೈಸೂರು ಸಂಸ್ಥಾನವೂ ೧೮೯೪ರಲ್ಲಿ ೮ ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಇವು ಬಹು ಸಣ್ಣ ಹೆಜ್ಜೆಗಳು. ಆದರೆ ಗಂಡನೂ ಅಪರಾಧಿಯಾಗಬಲ್ಲನೆಂಬ ಮಾತನ್ನು ಊರೂರಿನಲ್ಲಿ ಚರ್ಚಿಸುವಂತೆ ೧೮೯೧ರ ಕಾಯಿದೆ ಮಾಡಿತು.

ಅಷ್ಟರಲ್ಲಿ ರಖ್ಮಾಬಾಯಿಯವರು ಭಾರತದಲ್ಲಿರಲಿಲ್ಲ. ಮುಂಬಯಿಯ ಕಾಮಾ ಆಸ್ಪತ್ರೆಯ ವೈದ್ಯೆ ಈಡಿತ್ ಪೀಚಿ ಮೊದಲಾದವರ ನೆರವಿನಿಂದ ೧೮೮೯ರಲ್ಲಿ ಲಂಡನ್ನಿಗೆ ತೆರಳಿ, ಮಹಿಳೆಯರ ವೈದ್ಯಕೀಯ ಶಾಲೆಯನ್ನು ಸೇರಿದ್ದರು. ೧೮೯೪ರಲ್ಲಿ ತೇರ್ಗಡೆಯಾಗಿ ಸ್ವದೇಶಕ್ಕೆ ಮರಳಿದರು. ಸೂರತ್ತಿನಲ್ಲಿ ಬಹುಕಾಲ, ಅನಂತರ ರಾಜಕೋಟೆಯಲ್ಲಿ ಸ್ತ್ರೀಯರ ಆಸ್ಪತ್ರೆಗಳನ್ನು ನಡೆಸಿದರು. ಅವರು ಮತ್ತೆ ಮದುವೆಯಾಗಲಿಲ್ಲ.

ಗಂಡನ ಮನೆಗೆ ಹೋಗಲೊಲ್ಲದ ಹೆಂಡತಿಯನ್ನು ಸೆರೆಗೆ ತಳ್ಳುವ ನಿಯಮವನ್ನು ೧೯೨೩ರಲ್ಲಿ ತೆಗೆದುಹಾಕಲಾಯಿತು. ಆಗ ರಖ್ಮಾಬಾಯಿಯವರು ರಾಜಕೋಟೆಯಲ್ಲಿ ರೋಗಿಗಳ ಸೇವೆಯಲ್ಲಿ ನಿರತರಾಗಿದ್ದರು. ೧೯೫೫ರಲ್ಲಿ, ತಮ್ಮ ೯೦ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ೧೮ ವರ್ಷ ತುಂಬದ ಹೆಂಡತಿಯ ಮೇಲೆ ಗಂಡನು ನಡೆಸುವ ಬಲಾತ್ಕಾರವೂ ಅತ್ಯಾಚಾರವೇ ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತುದು ೨೦೧೭ರಲ್ಲಿ.