ರೀಜೆಂಟ್ಸ್ ಪಾರ್ಕೋ, ವಿಪ್ಸ್‌ನೇಡಿನ ಬಯಲೋ?

ಬೇಸಗೆಯ ರಜೆ ಸಮೀಪಿಸಿತೆಂದರೆ ಇಲ್ಲಿನ ನಮ್ಮ ಕನ್ನಡ ಕೂಟದ ಮನೆಮನೆಗಳಲ್ಲಿ ಏಳುವ ಪ್ರಶ್ನೆಗಳಲ್ಲಿ, ಮಕ್ಕಳನ್ನು ಯಾವ ಮೃಗಾಲಯಕ್ಕೆ ಕರೆದೊಯ್ಯಬೇಕೆಂಬುದೂ ಒಂದು. ಲಂಡನ್ ನಗರದ ಒಡಲಲ್ಲೇ, ರೀಜೆಂಟ್ಸ್ ಪಾರ್ಕಿನ ಉತ್ತರದಂಚಿಗೆ ಹೊಂದಿಕೊಂಡು, 36 ಎಕರೆಗಳ ಮೃಗಾಲಯವೊಂದಿದೆ. ಅಲ್ಲಿಂದ ವಾಯವ್ಯಕ್ಕೆ ಸುಮಾರು 30 ಮೈಲಿ ದೂರದಲ್ಲಿ, ಬೆಡ್‌ಫರ್ಡ್‌ಷೈರಿನ ಸೀಮೆಸುಣ್ಣದ ದಿಣ್ಣೆಗಳ ಮೇಲೆ, 600 ಎಕರೆಗಳಷ್ಟು ವಿಸ್ತಾರವಾದ ವಿಪ್ಸ್‌ನೇಡ್ ಮೃಗಾಲಯವಿದೆ. ಎರಡನ್ನೂ ನಡೆಸುತ್ತಿರುವುದು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘವೊಂದೇ. ಹಾಗಿದ್ದೂ ಒಂದರಲ್ಲಿ ದೊರೆಯುವ ಅನುಭವ ಇನ್ನೊಂದರಲ್ಲಿ ದೊರೆಯದು. ಹೀಗೇಕೆಂಬುದನ್ನು ತಿಳಿಯಬೇಕಾದರೆ, ಮಕ್ಕಳೇ, ಹಿರಿಯರೊಬ್ಬರ ಪರಿಚಯ ನಿಮಗಾಗಬೇಕು. ಅವರ ಹೆಸರು ಸರ್ ಪೀಟರ್ ಚಾಲ್ಮರ್ಸ್ ಮಿಚೆಲ್.

ಮಿಚೆಲ್ಲರು 1864ರಲ್ಲಿ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಪಟ್ಟಣದಲ್ಲಿ ಜನಿಸಿ, ಪ್ರಾಣಿಶಾಸ್ತ್ರದಲ್ಲಿ ಪಾಂಡಿತ್ಯವನ್ನು ಸಂಪಾದಿಸಿ, 1903ರಲ್ಲಿ ಸಂಘದ ಕಾರ್ಯದರ್ಶಿಗಳಾಗಿ ನಿಯುಕ್ತರಾದರು. ಅವರು ಬರುವ ವೇಳೆಗೆ ಲಂಡನ್ನಿನ ಮೃಗಾಲಯಕ್ಕೆ ಮುಕ್ಕಾಲು ಶತಮಾನದ ವಯಸ್ಸಾಗಿದ್ದಿತು. 1828ರಲ್ಲಿ ವಿದ್ವಾಂಸರ ಅಧ್ಯಯನಕ್ಕೆಂದು ಆರಂಭವಾಗಿ, 1847ರಲ್ಲಿ ಸಾರ್ವಜನಿಕರಿಗೂ ಬಾಗಿಲನ್ನು ತೆರೆದ ಆ ಉದ್ಯಾನದಲ್ಲಿ, 1849ರಲ್ಲಿ ಸರೀಸೃಪಗಳಿಗೆ, 1853ರಲ್ಲಿ ಮೀನುಗಳಿಗೆ, 1881ರಲ್ಲಿ ಕೀಟಗಳಿಗೆ ಪ್ರತ್ಯೇಕ ಮನೆಗಳು ಎದ್ದಿದ್ದವು. ಜಂಬೋ ಎಂಬ ಹೆಸರಾಂತ ಆಫ್ರಿಕದ ಆನೆ 1865ರಿಂದ ಅಲ್ಲಿಯೇ ಬೆಳೆದು, ತನ್ನ ಬೆನ್ನಮೇಲೆ ಅಸಂಖ್ಯ ಮಕ್ಕಳನ್ನು ಹೊತ್ತು ತಿರುಗಿ, 1882ರಲ್ಲಿ ಅಮೆರಿಕದ ಸರ್ಕಸ್ಸೊಂದಕ್ಕೆ ಮಾರಾಟವಾಯಿತು. ಅದನ್ನು ಕಳಿಸಬಾರದೆಂದು ಶಾಲೆಯ ಮಕ್ಕಳು ರಾಶಿ ರಾಶಿ ಪತ್ರಗಳನ್ನು ವಿಕ್ಟೋರಿಯಾ ರಾಣಿಗೇ ಬರೆದರೂ ಫಲಿಸಲಿಲ್ಲ. ಮೂರು ವರ್ಷಗಳ ಬಳಿಕ ಕೆನಡಾದಲ್ಲಿ ರೈಲಿಗೆ ಸಿಲುಕಿ ಅದು ಸತ್ತಿತು. ಆನೆಯಂಥ ಪ್ರಾಣಿಯನ್ನು ಜನ ಎಷ್ಟು ಪ್ರೀತಿಸಬಲ್ಲರು, ಅಷ್ಟು ಪ್ರೀತಿಸಿಯೂ ಅದಕ್ಕೆ ಏನು ಬೇಕೆಂಬುದನ್ನು ಎಷ್ಟು ಕಡಿಮೆ ತಿಳಿದಿದ್ದರು ಎಂಬುದಕ್ಕೆ ಈ ವೃತ್ತಾಂತಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಆ ಕಾಲದಲ್ಲಿ ಉಷ್ಣದೇಶದ ಪ್ರಾಣಿಗಳನ್ನು ಇಂಗ್ಲೆಂಡಿನ ಚಳಿಯಿಂದ ಕಾಪಾಡುವ ಸದುದ್ದೇಶದಿಂದಲೇ ಬಾಗಿಲು ಕಿಟಕಿಗಳನ್ನು ಬಿಗಿದು, ಒಳಗೆ ಶಾಖವನ್ನು ಹರಿಸಿ ಇಡುವ ಪದ್ಧತಿಯಿದ್ದಿತು. ಮಿಚೆಲ್ಲರು ಇದನ್ನು ಒಪ್ಪಲಿಲ್ಲ. ಪ್ರಾಣಿಗಳಿಗೆ ಬೇಕಾದುದು ಮುಖ್ಯವಾಗಿ ಶುದ್ಧವಾದ ಗಾಳಿ, ಓಡಾಡಲು ನೆಲ, ಬೇಕೆನಿಸಿದಾಗ ಸರಿದು ಮರೆಯಾಗಲು ಒಂದು ತಾಣ ಎಂಬುದು ಅವರ ದೃಢವಾದ ಅಭಿಪ್ರಾಯ. ಹ್ಯಾಂಬರ್ಗಿನಲ್ಲಿ ಕಾರ್ಲ್ ಹಾಗೆನ್‌ಬೆಕ್ ಎಂಬವರು 1907ರಲ್ಲಿಯೇ ಸರಳುಗಳನ್ನು ತೆಗೆದು ಕಂದಕಗಳನ್ನು ತೋಡಿದ್ದರು. ಲಂಡನ್ನಿನಲ್ಲಿಯೂ ಕೆಲವೇ ವರ್ಷಗಳಲ್ಲಿ ಕಾಂಕ್ರೀಟಿನ ಕೃತಕ ಬೆಟ್ಟಗಳನ್ನು ಕಟ್ಟಿ, ಕರಡಿಗಳನ್ನೂ ಆಡುಗಳನ್ನೂ ಬಯಲ ಗಾಳಿಯಲ್ಲಿ ಬಿಡಲಾಯಿತು. ಆದರೆ ನಗರದ ನೆಲ ಹಿಗ್ಗುವಂಥದಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ವಿಸ್ತಾರವನ್ನು ಕಂಡು ಬಂದ ಮಿಚೆಲ್ಲರು, ತಮ್ಮ ಸಂಘಕ್ಕೂ ಹಳ್ಳಿಗಾಡಿನಲ್ಲಿ ಒಂದು ಬಯಲು ಬೇಕೆಂದು ಹಟ ಹಿಡಿದು ಹುಡುಕಿಸಿದರು. 1926ರ ಕೊನೆಯಲ್ಲಿ, ಡನ್‌ಸ್ಟಬಲ್ ಪಟ್ಟಣದ ಬಳಿ, ಸಾಗುವಳಿ ನಿಂತು ಪಾಳುಬಿದ್ದಿದ್ದ ಹಾಲ್ ಫಾರ್ಮ್ ಎಂಬ ಜಮೀನು ಕೊಳ್ಳಲ್ಪಟ್ಟಿತು.

ಬೇಲಿ ಹಾಕಿ, ದಾರಿ ಮಾಡಿ, ಗಿಡಗಳನ್ನು ನೆಟ್ಟು ಅಣಿಗೊಳಿಸಲು ವರ್ಷಗಳೇ ಹಿಡಿದವು. 1928ರಲ್ಲಿ ಮೊದಲು ಅಲ್ಲಿಗೆ ಬಂದವು ಸಿಂಹವೂ ಅಲ್ಲ, ಆನೆಯೂ ಅಲ್ಲ. ಕೆಲವು ಬಣ್ಣದ ಫೆಸೆಂಟ್ ಹಕ್ಕಿಗಳು ಮತ್ತು ನಮ್ಮ ಕಾಡುಗಳಲ್ಲಿಯೂ ಕೂಗುವ ಕಾಡುಕೋಳಿಯ ಹತ್ತಿರದ ನಂಟರಾದ ಕೆಂಪು ಕಾಡುಕೋಳಿಗಳು. 1931ರ ಮೇ 23ರಂದು ಉದ್ಯಾನ ಜನರಿಗೆ ತೆರೆಯಿತು. ಮರುಸೋಮವಾರ ರಜೆಯ ದಿನವಾದುದರಿಂದ 38,000ಕ್ಕೂ ಮಿಕ್ಕಿ ಜನ ನೆರೆದರು. ಮುಂದೆ ಯುದ್ಧ ಬಂದಾಗ ಲಂಡನ್ನಿನ ಎಷ್ಟೋ ಪ್ರಾಣಿಗಳು ವಿಪ್ಸ್‌ನೇಡಿನಲ್ಲಿ ಆಶ್ರಯ ಪಡೆದವು. 1940ರಲ್ಲಿ ಅಲ್ಲಿಯೂ ಬಾಂಬುಗಳು ಬಿದ್ದುವಾದರೂ, ಅಷ್ಟು ವಿಶಾಲವಾದ ಬಯಲಿನಲ್ಲಿ ಅವುಗಳಿಂದ ಪ್ರಾಣ ಕಳೆದುಕೊಂಡದ್ದು ಒಂದು ಮುದಿ ಬಾತು ಮತ್ತು ಒಂದು ಎಳೆಯ ಜಿರಾಫೆ. ಬಾಂಬಿನ ಚೂರು ಆ ಜಿರಾಫೆಯನ್ನು ಮುಟ್ಟಿರಲಿಲ್ಲ. ಸದ್ದಿಗೆ ಬೆದರಿ, ನಿಲ್ಲದೆ ಓಡಿ ಓಡಿ ದಣಿದು ಅದು ಸತ್ತಿತು. ತಮ್ಮ ಬದುಕನ್ನೇ ಪ್ರಾಣಿಗಳಿಗೆ ಮುಡಿಪಾಗಿಟ್ಟ ಮಿಚೆಲ್ಲರಾದರೋ 1945ರಲ್ಲಿ, ರೀಜೆಂಟ್ಸ್ ಪಾರ್ಕಿನ ಮೃಗಾಲಯದ ಮುಂದಣ ರಸ್ತೆಯಲ್ಲಿಯೇ ಅಪಘಾತಕ್ಕೊಳಗಾಗಿ ತೀರಿಕೊಂಡರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಯಾವುದು ಮೇಲು ಎಂದು ಕೇಳುವುದಕ್ಕೆ ಬದಲಾಗಿ, ನಾವು ನೋಡಬಯಸುವ ಪ್ರಾಣಿಗೆ ಎಷ್ಟು ನೆಲ ಬೇಕು ಎಂದು ಕೇಳುವುದೇ ಉಚಿತವಾದ ಕ್ರಮವೆಂದು ನನಗೆ ತೋರುವುದು. ಆನೆಯನ್ನು ನೋಡಬೇಕೆಂದರೆ ವಿಪ್ಸ್‌ನೇಡಿಗೇ ಹೋಗಬೇಕು. 2001ರಲ್ಲಿ ಲಂಡನ್ನಿನಲ್ಲಿ ಉಳಿದಿದ್ದ ಆನೆಗಳನ್ನು ಸಂಘವು ವಿಪ್ಸ್‌ನೇಡಿಗೆ ಸಾಗಿಸಿದ ಮೇಲೆ ನಗರದ ಮೃಗಾಲಯದಲ್ಲಿ ಆನೆಗಳಿಲ್ಲ. ವಿಪ್ಸ್‌ನೇಡಿನ ಹಿಂಡಿನವು ಏಷ್ಯಾದ ಆನೆಗಳು, ಅಂದರೆ ನಿಮ್ಮ ಅಜ್ಜ ಅಜ್ಜಿಯರು ದಸರೆಯ ಮೆರವಣಿಗೆಯಲ್ಲಿ ಕಂಡ, ನಾಗರಹೊಳೆ ಬಂಡೀಪುರಗಳ ಕಾಡುಗಳಲ್ಲಿ ಇಂದಿಗೂ ಸಂಚರಿಸುವ ಕುಲದವು. ಬೇಲಿಯ ಬಳಿ ಅವಸರವಿಲ್ಲದೆ ನಿಂತು ನೋಡಿದರೆ, ಒಂದು ಆನೆ ಸೊಂಡಿಲಿನ ತುದಿಯಿಂದ ಹುಲ್ಲಿನ ಸಿವುಡನ್ನು ಎತ್ತಿ, ಮುಂಗಾಲಿಗೆ ಬಡಿದು ಮಣ್ಣನ್ನು ಉದುರಿಸಿ, ಆಮೇಲೆ ಬಾಯಿಗಿಡುವ ರೀತಿಯನ್ನೂ, ಮರಿಯೊಂದು ಹಿಂದುಳಿದರೆ ತಾಯಿಯಷ್ಟೇ ಅಲ್ಲದೆ ಹಿಂಡಿನ ಇತರ ಹೆಣ್ಣಾನೆಗಳೂ ತಿರುಗಿ ನಿಲ್ಲುವ ರೀತಿಯನ್ನೂ ಕಾಣಬಹುದು. ಆನೆ ಎಂಬುದು ಒಂಟಿ ಪ್ರಾಣಿಯ ಹೆಸರಾಗಿರದೆ ಒಂದು ಕುಟುಂಬದ ಹೆಸರೆಂಬುದು ಬಯಲಿನಲ್ಲಿ ಮಾತ್ರ ಮನವರಿಕೆಯಾಗುವ ಸತ್ಯ. ಅಸ್ಸಾಮಿನ ಹುಲ್ಲುಗಾವಲಿನ ಒಂಟಿಕೊಂಬಿನ ಖಡ್ಗಮೃಗವೂ, ಮಂಗೋಲಿಯದ ಕಾಡುಕುದುರೆಯೂ ಅಲ್ಲಿವೆ. ಚೀನಾದ ಚಕ್ರವರ್ತಿಗಳ ಬೇಟೆಯ ತೋಟದಲ್ಲಷ್ಟೇ ಉಳಿದು, ಅಲ್ಲಿಯೂ ನಾಶವಾಗಿ, ನೆರೆಯ ವೋಬರ್ನ್ ಎಸ್ಟೇಟಿನಲ್ಲಿ ಡ್ಯೂಕರೊಬ್ಬರು ಕೂಡಿಹಾಕಿದ ಸಣ್ಣ ಹಿಂಡಿನಿಂದ ಮತ್ತೆ ಬೆಳೆದು, 1985ರಲ್ಲಿ ಸ್ವದೇಶಕ್ಕೆ ಮರಳಿದ ಪೆರ್ ಡೇವಿಡ್ ಜಿಂಕೆಯ ಸಂತತಿಯನ್ನೂ ವಿಪ್ಸ್‌ನೇಡಿನಲ್ಲಿ ನೋಡಬಹುದು.

ಇಷ್ಟಾದ ಮಾತ್ರಕ್ಕೆ ನಗರದ ಮೃಗಾಲಯವನ್ನು ಕಡೆಗಣಿಸುವುದು ದೊಡ್ಡ ಅನ್ಯಾಯ. ಅಲ್ಲಿ ನಾನು ಮಕ್ಕಳಿಗೆ ಮೊದಲು ತೋರಿಸಬಯಸುವುದು ಸಿಂಹವನ್ನಲ್ಲ, ಬಸವನಹುಳುವನ್ನು. ಪೆಸಿಫಿಕ್ ಸಾಗರದ ತಹೀತಿ ಮೊದಲಾದ ದ್ವೀಪಗಳಲ್ಲಿ ಪಾರ್ಟುಲ ಎಂಬ, ಬೆರಳ ತುದಿಯ ಮೇಲೆ ಕೂರುವಷ್ಟು ಚಿಕ್ಕದಾದ ಬಸವನಹುಳುಗಳ ಹಲವು ಬಗೆಗಳಿದ್ದವು. ಬೆಳೆ ತಿನ್ನುತ್ತಿದ್ದ ಆಫ್ರಿಕದ ದೈತ್ಯ ಬಸವನಹುಳುವನ್ನು ಅಡಗಿಸಲೆಂದು, ಇತರ ಹುಳುಗಳನ್ನು ಬೇಟೆಯಾಡುವ ಇನ್ನೊಂದು ಜಾತಿಯ ಹುಳುವನ್ನು 1970ರ ದಶಕದಲ್ಲಿ ಜನ ಅಲ್ಲಿಗೆ ತಂದರು. ಅದು ದೈತ್ಯನನ್ನು ಬಿಟ್ಟು, ಈ ಚಿಕ್ಕವನ್ನೇ ತಿಂದು ಮುಗಿಸತೊಡಗಿತು. ಅಳಿದುಳಿದವನ್ನು ವಿಜ್ಞಾನಿಗಳು ಹೆಕ್ಕಿ ತಂದು, ಲಂಡನ್ನಿನಲ್ಲಿಯೂ ಇತರ ಮೃಗಾಲಯಗಳಲ್ಲಿಯೂ, ತೇವ ಮತ್ತು ತಾಪಗಳನ್ನು ಹದವಾಗಿ ಕಾಯ್ದ ಪುಟ್ಟ ತೊಟ್ಟಿಗಳಲ್ಲಿ ತಲೆಮಾರು ತಲೆಮಾರುಗಳ ಕಾಲ ಸಾಕಿದರು. ಈಗ ಒಂದೊಂದರ ಚಿಪ್ಪಿನ ಮೇಲೂ ಬಣ್ಣದ ಒಂದು ಚುಕ್ಕೆಯನ್ನಿಟ್ಟು, ವಿಮಾನದಲ್ಲಿ ಕಳಿಸಿ, ತವರಿನ ಮರಗಳಿಗೆ ಮರಳಿ ಬಿಡುತ್ತಿದ್ದಾರೆ. ರಾತ್ರಿ ದೀಪ ಹಿಡಿದು ಹುಡುಕುವವರಿಗೆ ಆ ಚುಕ್ಕೆ ಹೊಳೆದು, ತಾವು ಬಿಟ್ಟ ಹುಳು ಬದುಕಿದೆಯೆಂದು ತಿಳಿಯುತ್ತದೆ. ಚುಕ್ಕೆಯಿಲ್ಲದ ಚಿಪ್ಪು ಸಿಕ್ಕರೆ ಅದು ಕಾಡಿನಲ್ಲಿಯೇ ಹುಟ್ಟಿದ ಮರಿ. ಇಂಥ ಮರಿಗಳು ಬೆಳೆದು ದೊಡ್ಡವಾದುದೂ ಈಗ ಕಂಡುಬಂದಿದೆ. ಈ ಕಾರ್ಯಕ್ಕೆ 600 ಎಕರೆಗಳು ಬೇಕಾಗಲಿಲ್ಲ. ಒಂದು ಕೊಠಡಿ ಸಾಕಾಯಿತು. ಕಪ್ಪೆ, ಹಲ್ಲಿ, ಜೇಡ, ಮೀನುಗಳ ವಿಷಯವೂ ಹೀಗೆಯೇ.

ಗುಜರಾತಿನ ಗೀರ್ ಅರಣ್ಯದ ಕುಲಕ್ಕೆ ಸೇರಿದ ಏಷ್ಯಾದ ಸಿಂಹಗಳಿಗೆ 2016ರಲ್ಲಿ ರೀಜೆಂಟ್ಸ್ ಪಾರ್ಕಿನಲ್ಲಿಯೇ ಹೊಸ ನೆಲೆಯನ್ನು ಕಟ್ಟಿರುವುದನ್ನು ಇಲ್ಲಿ ಹೇಳದಿರಬಾರದು. ಸುತ್ತಲೂ ಭಾರತದ ಊರೊಂದರ ರೈಲುನಿಲ್ದಾಣ, ಬೀದಿಗಳನ್ನು ಅನುಕರಿಸಿ ಕಟ್ಟಿದ್ದಾರೆ. ಮಕ್ಕಳಿಗೆ ಅದು ಹಿಡಿಸುತ್ತದೆ. ನನಗೆ ಮಾತ್ರ ಆ ಅಲಂಕಾರಕ್ಕಿಂತ ಸಿಂಹವೇ ಸಾಕು.

ಕಾರಿನಲ್ಲಿ ಕುಳಿತೇ ಸಿಂಹಗಳ ನಡುವೆ ಸಾಗುವ ಸಫಾರಿಯ ಪದ್ಧತಿ ಈ ದೇಶದಲ್ಲಿ 1966ರಲ್ಲಿ ಲಾಂಗ್ಲೀಟಿನಲ್ಲಿ ಮೊದಲಾಯಿತು. 1970ರಲ್ಲಿ ವೋಬರ್ನಿನಲ್ಲಿಯೂ ಬಂದಿತು. ನಮ್ಮ ಬೆಂಗಳೂರಿನ ಬನ್ನೇರುಘಟ್ಟದಲ್ಲಿ ಜಾಲರಿ ಬಿಗಿದ ಬಸ್ಸಿನಲ್ಲಿ ಹುಲಿ, ಸಿಂಹ, ಕರಡಿಗಳ ನಡುವೆ ಸುತ್ತಿದ ಮಕ್ಕಳಿಗೆ ಇದು ಹೊಸದಲ್ಲ. ಪ್ರಾಣಿ ಹತ್ತಿರಕ್ಕೆ ಬರುವುದೇನೋ ದಿಟ. ಆದರೆ ಮುಚ್ಚಿದ ಗಾಜಿನೊಳಗೆ ಕುಳಿತವರಿಗೆ ಅದರ ವಾಸನೆಯಾಗಲಿ, ಹೆಜ್ಜೆಯ ಸದ್ದಾಗಲಿ ತಲುಪದು, ಹಿಂದಿನ ಕಾರಿನವರ ಅವಸರಕ್ಕೆ ಮಣಿದು ಮುಂದೆ ಹೋಗಲೇಬೇಕಾಗುವುದು; ಆದಕಾರಣ ನಡೆದು ನೋಡುವ ವಿಪ್ಸ್‌ನೇಡನ್ನೇ ನಾನು ಮೆಚ್ಚುತ್ತೇನೆ. ನಗರದೊಳಗಣ ಮೃಗಾಲಯವೂ ಮರಗಳ ನೆರಳಲ್ಲಿ ಹೇಗೆ ವಿಶಾಲವಾಗಿ ತೋರಬಹುದೆಂಬುದನ್ನು ಕಾಣಬೇಕೆಂದರೆ, ಊರಿಗೆ ಹೋದಾಗ ಮೈಸೂರಿನ ಮೃಗಾಲಯವನ್ನು ನೋಡಿರಿ. ಚಾಮರಾಜೇಂದ್ರ ಒಡೆಯರು 1892ರಲ್ಲಿ ಸ್ಥಾಪಿಸಿದ ಅದರ ತೋಟದ ವಿನ್ಯಾಸದಲ್ಲಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು ಭಾರತಕ್ಕೆ ಬಂದ ಜರ್ಮನ್ ಸಸ್ಯತಜ್ಞ ಕ್ರುಂಬಿಗೆಲ್ಲರ ಕೈಚಳಕವಿದೆ.

ಹೊರಡುವ ಮುನ್ನ ತಂದೆತಾಯಂದಿರಿಗೆ ಎರಡು ಮಾತು. ಐದಾರು ವರ್ಷದೊಳಗಿನ ಮಕ್ಕಳಿಗೆ ರೀಜೆಂಟ್ಸ್ ಪಾರ್ಕೇ ಸರಿ. ಕ್ಯಾಮ್ಡನ್ ಟೌನ್ ನಿಲ್ದಾಣದಿಂದ ನಡೆದು ಹೋಗಬಹುದು, ಮಳೆ ಬಂದರೆ ಹೊಕ್ಕು ನಿಲ್ಲಲು ಮನೆಗಳಿವೆ, ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಕೆಲವೇ ಹೆಜ್ಜೆ. ಕಾಲು ಬಲಿತ ಮಕ್ಕಳನ್ನು ವಿಪ್ಸ್‌ನೇಡಿಗೆ ಕರೆದೊಯ್ಯಿರಿ. ಅಲ್ಲಿ ದಿಣ್ಣೆಯ ಮೇಲೆ ಬೇಸಗೆಯಲ್ಲಿಯೂ ಗಾಳಿ ಬಲವಾಗಿ ಬೀಸುವುದರಿಂದ ಸ್ವೆಟರನ್ನು ಮರೆಯಬೇಡಿರಿ. ಊರಿನಿಂದ ಬಂದ ಅಜ್ಜ ಅಜ್ಜಿಯರು ಜೊತೆಯಲ್ಲಿದ್ದರೆ ಇಡೀ ಉದ್ಯಾನವನ್ನು ಸುತ್ತುವ ಹಂಬಲ ಬೇಡ. ಬುತ್ತಿ ಕಟ್ಟಿಕೊಂಡು ಹೋಗಿ, ಆನೆಗಳ ಬಯಲಿನ ಎದುರು ಒಂದು ಬೆಂಚನ್ನು ಹಿಡಿದು ಕುಳಿತುಬಿಡಿ, ಅವರು ಕಂಡ ಆನೆಗಳ ಕಥೆಯನ್ನು ಮಕ್ಕಳು ಅಲ್ಲಿಯೇ ಕೇಳಲಿ.