ಗಾಂಧೀಜಿಯ ಆಪ್ತ ಕಾರ್ಯದರ್ಶಿ ಕಲಿಸುವ ಪಾಠ

ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಮತ್ತೆ ಕೆಲಸಕ್ಕೆ ಸೇರೋಣ ಅಂದುಕೊಳ್ಳುವ ಗೃಹಿಣಿಯರು ಎಕ್ಸಿಕ್ಯುಟಿವ್ ಅಸಿಸ್ಟೆಂಟ್ ಹುದ್ದೆಯ ಬಗ್ಗೆ ಯೋಚಿಸಬಹುದು. ಒಬ್ಬರ ಡೈರಿ, ಪತ್ರ, ಭೇಟಿ, ಪ್ರಯಾಣ ಎಲ್ಲವನ್ನೂ ಅಚ್ಚುಕಟ್ಟಾಗಿ ನೋಡಿಕೊಳ್ಳುವ ಕೆಲಸ ಇದು. ಮನೆ ನಡೆಸಿದವರಿಗೆ ಇದೇನೂ ಹೊಸದಲ್ಲ ಬಿಡಿ. ಆದರೆ ಈ ಕೆಲಸದಲ್ಲಿ ಎಷ್ಟು ಎತ್ತರಕ್ಕೆ ಏರಬಹುದು, ಅದಕ್ಕೆ ಏನು ಬೆಲೆ ತೆರಬೇಕಾಗುತ್ತದೆ? ಎರಡನ್ನೂ ತಿಳಿಯಬೇಕಾದರೆ ಮಹಾದೇವ ದೇಸಾಯಿ ಅವರ ಬದುಕನ್ನು ನೋಡಬೇಕು. 1917ರಿಂದ 1942ರವರೆಗೆ, ಸುಮಾರು 25 ವರ್ಷ, ಅವರು ಗಾಂಧೀಜಿಯ ಆಪ್ತ ಕಾರ್ಯದರ್ಶಿಯಾಗಿದ್ದರು.

ಕೆಲಸಕ್ಕೆ ಮುಂಚಿನ ತಯಾರಿ

ಮಹಾದೇವ ಹುಟ್ಟಿದ್ದು 1892ರ ಜನವರಿ 1ರಂದು, ಗುಜರಾತಿನ ಸೂರತ್ ಜಿಲ್ಲೆಯ ಸರಸ್ ಎಂಬ ಹಳ್ಳಿಯಲ್ಲಿ. ತಂದೆ ಶಾಲಾ ಮೇಷ್ಟ್ರು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡರು. ಆಗಿನ ಪದ್ಧತಿಯಂತೆ 1905ರಲ್ಲಿ, ಹದಿಮೂರನೇ ವಯಸ್ಸಿಗೇ ದುರ್ಗಾಬೆನ್ ಜತೆ ಮದುವೆಯೂ ಆಯ್ತು. ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ ಬಿ.ಎ. ಮಾಡಿದರು, ಆಮೇಲೆ ಕಾನೂನು ಪದವಿ ಪಡೆದರು. ಸಹಕಾರಿ ಬ್ಯಾಂಕಿನ ಇನ್‌ಸ್ಪೆಕ್ಟರ್ ಆಗಿ ಹಳ್ಳಿಗಳನ್ನು ಸುತ್ತಿದರು. ಈ ನಡುವೆಯೇ ಜಾನ್ ಮಾರ್ಲೆಯ ಇಂಗ್ಲಿಷ್ ಪುಸ್ತಕವೊಂದನ್ನು ಗುಜರಾತಿಗೆ ಅನುವಾದಿಸಿದರು, ಬಂಗಾಳಿಯನ್ನೂ ಕಲಿತರು. ಅನುವಾದ, ಕಾನೂನು, ಲೆಕ್ಕಪತ್ರ ಇವೆಲ್ಲ ಮುಂದೆ ಒಂದೇ ಕೆಲಸದಲ್ಲಿ ಉಪಯೋಗಕ್ಕೆ ಬರುತ್ತವೆ ಅಂತ ಆಗ ಅವರಿಗೇ ಗೊತ್ತಿರಲಿಕ್ಕಿಲ್ಲ.

1915ರಲ್ಲಿ ಗಾಂಧೀಜಿ ಅಹಮದಾಬಾದಿನಲ್ಲಿ ಆಶ್ರಮ ಆರಂಭಿಸಿ, ಅದರ ನಿಯಮಗಳ ಕರಡಿಗೆ ಅಭಿಪ್ರಾಯ ಕೇಳಿದ್ದರು. ಮಹಾದೇವ ಮತ್ತು ಗೆಳೆಯ ನರಹರಿ ಪಾರೀಖ್ ತಮಗೆ ಒಪ್ಪಿಗೆಯಾಗದ ವಿಷಯಗಳನ್ನು ನೇರವಾಗಿ ಬರೆದು ಕೊಟ್ಟರು. ಗಾಂಧೀಜಿ ಸಿಟ್ಟಾಗಲಿಲ್ಲ, ಕರೆಸಿ ಕೂರಿಸಿಕೊಂಡು ಚರ್ಚಿಸಿದರು. ಹೊಗಳಿಕೆಯಿಂದಲ್ಲ, ಟೀಕೆಯಿಂದ ಶುರುವಾದ ನಂಟು ಇದು! ಎರಡು ವರ್ಷದ ನಂತರ, 1917ರಲ್ಲಿ, ಮಹಾದೇವ ಗಾಂಧೀಜಿಯ ಜತೆ ಸೇರಿಕೊಂಡರು.

ಹೋದ ಕಡೆಯೆಲ್ಲ ದುರ್ಗಾಬೆನ್ ಬರೀ ಜತೆಗಾರ್ತಿಯಾಗಿ ಉಳಿಯಲಿಲ್ಲ. ಬಿಹಾರದ ಚಂಪಾರಣ್ಯದಲ್ಲಿ ನೀಲಿ ಬೆಳೆಯುವ ರೈತರ ಹೋರಾಟ ನಡೆದಾಗ, ಅಲ್ಲಿನ ಹಳ್ಳಿಗಳಲ್ಲಿ ತೆರೆದ ಶಾಲೆಗಳಲ್ಲಿ ದುಡಿದವರಲ್ಲಿ ಅವರೂ ಒಬ್ಬರು.

ಕೆಲಸ ಎಷ್ಟಿತ್ತು ಗೊತ್ತಾ?

ಪತ್ರಗಳಿಗೆ ಉತ್ತರ, ಭೇಟಿಗೆ ಬಂದವರ ಮಾತಿನ ಟಿಪ್ಪಣಿ, ಭಾಷಣದ ವರದಿ, ಪ್ರಯಾಣದ ಏರ್ಪಾಡು, ಪತ್ರಿಕೆಗಳಿಗೆ ಲೇಖನ. ಇಷ್ಟರ ಮೇಲೆ 1917ರ ನವೆಂಬರ್‌ನಿಂದ ಡೈರಿ ಬರೆದರು. ಗಾಂಧೀಜಿ ಯಾರ ಜತೆ ಏನು ಮಾತಾಡಿದರು ಅನ್ನೋದು ಇವತ್ತು ನಮಗೆ ತಿಳಿದಿರುವುದರ ಹಿಂದೆ ಈ ಡೈರಿಯ ಪಾಲು ದೊಡ್ಡದು. ಗಾಂಧೀಜಿ ಗುಜರಾತಿಯಲ್ಲಿ ಬರೆದ ಆತ್ಮಕಥೆಯ ಬಹುಭಾಗವನ್ನು ಇಂಗ್ಲಿಷಿಗೆ ತಂದವರೂ ಇವರೇ.

ಬಾಸ್ ಇಲ್ಲದಾಗಲೂ ಜವಾಬ್ದಾರಿ ಹೊರುವ ಧೈರ್ಯ ಅವರಿಗಿತ್ತು. 1921ರಲ್ಲಿ ಅಲಹಾಬಾದಿಗೆ ಹೋಗಿ ಮೋತಿಲಾಲ್ ನೆಹರೂ ಅವರ ‘ಇಂಡಿಪೆಂಡೆಂಟ್’ ಪತ್ರಿಕೆ ನಡೆಸಿದರು. ಸರ್ಕಾರ ಮುದ್ರಣಕ್ಕೆ ಅಡ್ಡಗಾಲು ಹಾಕಿದಾಗ ಕೈಬರಹದಲ್ಲೇ ಪತ್ರಿಕೆ ಹೊರತಂದು ಒಂದು ವರ್ಷದ ಜೈಲುಶಿಕ್ಷೆ ಪಡೆದರು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಗಾಂಧೀಜಿಯ ಜತೆ ಲಂಡನ್ನಿಗೂ ಹೋದರು. ನಮ್ಮ ಬೆಳಗಾವಿಗೂ ಅವರ ನಂಟಿದೆ. 1933-34ರಲ್ಲಿ ಅಲ್ಲಿಯ ಜೈಲಿನಲ್ಲಿದ್ದಾಗ ಗಾಂಧೀಜಿಯ ಗೀತಾ ವ್ಯಾಖ್ಯಾನವನ್ನು ಇಂಗ್ಲಿಷಿಗೆ ತಂದು, ತಮ್ಮದೇ ದೀರ್ಘ ಪ್ರಸ್ತಾವನೆ ಬರೆದರು.

ಒಪ್ಪದಿದ್ದಾಗ

ಇಷ್ಟು ನಿಷ್ಠೆ ಇದ್ದರೂ ಎಲ್ಲಕ್ಕೂ ತಲೆಯಾಡಿಸುವ ಜಾಯಮಾನ ಅವರದಲ್ಲ. 1938ರಲ್ಲಿ ಕಸ್ತೂರಬಾ ಮತ್ತು ದುರ್ಗಾಬೆನ್ ಪುರಿಯ ಜಗನ್ನಾಥ ದೇವಸ್ಥಾನದೊಳಗೆ ಹೋಗಿಬಂದರು. ದಲಿತರಿಗೆ ಪ್ರವೇಶವಿಲ್ಲದ ಗುಡಿಗೆ ನಮ್ಮವರೇ ಹೋದರಲ್ಲ ಎಂದು ಗಾಂಧೀಜಿ ತುಂಬ ನೊಂದರು. ಹೆಂಗಸರಿಗೆ ತಿಳಿಹೇಳಲಿಲ್ಲ ಎಂದು ಮಹಾದೇವರನ್ನೂ ಆಕ್ಷೇಪಿಸಿದರು. ಇದು ಅತಿಯಾಯಿತು ಅನ್ನಿಸಿ ಮಹಾದೇವ ಕೆಲಸ ಬಿಡುವುದಾಗಿ ಪತ್ರ ಬರೆದುಕೊಟ್ಟರು. ಗಾಂಧೀಜಿ ಬಿಡಲಿಲ್ಲ. ಕೊನೆಗೆ ಮಹಾದೇವ ನಡೆದದ್ದನ್ನೆಲ್ಲ ‘ಹರಿಜನ’ ಪತ್ರಿಕೆಯಲ್ಲಿ ತಾವೇ ಬರೆದರು.

ತೆತ್ತ ಬೆಲೆ

1936ರಲ್ಲಿ ಗಾಂಧೀಜಿ ವಾರ್ಧಾ ಸಮೀಪದ ಸೇವಾಗ್ರಾಮಕ್ಕೆ ವಾಸ ಬದಲಿಸಿದರು. ಮಹಾದೇವರ ಸಂಸಾರ ವಾರ್ಧಾದ ಮಗನ್‌ವಾಡಿಯಲ್ಲೇ ಇತ್ತು. ಅಲ್ಲಿಂದ ಸೇವಾಗ್ರಾಮಕ್ಕೆ ನಡೆದುಹೋಗಿ ಬರಲು ದಿನಕ್ಕೆ ಹತ್ತು ಮೈಲಿಗೂ ಹೆಚ್ಚು ದಾರಿ. ವಾರ್ಧಾದ ಬೇಸಿಗೆಯನ್ನು ಕೇಳಬೇಕೆ! ರಕ್ತದೊತ್ತಡ ಏರಿ 1938ರಲ್ಲಿ ಆರೋಗ್ಯ ಕುಸಿಯಿತು. ಆಗ ವಿಶ್ರಾಂತಿ ತೆಗೆದುಕೊಳ್ಳಲೇಬೇಕಾಯ್ತು. ಚೇತರಿಸಿಕೊಂಡ ಮೇಲೆ ಮತ್ತೆ ಅದೇ ದುಡಿಮೆ.

1942ರ ಆಗಸ್ಟ್ 9ರಂದು ಗಾಂಧೀಜಿಯ ಜತೆ ಅವರನ್ನೂ ಬಂಧಿಸಿ ಪುಣೆಯ ಆಗಾಖಾನ್ ಅರಮನೆಯಲ್ಲಿಟ್ಟರು. ಆರು ದಿನ ಕಳೆದು, ಆಗಸ್ಟ್ 15ರ ಬೆಳಿಗ್ಗೆ ಹೃದಯಾಘಾತವಾಯಿತು. ಬರೀ ಐವತ್ತು ವರ್ಷ. ಗಾಂಧೀಜಿ ತಾವೇ ದೇಹಕ್ಕೆ ಸ್ನಾನ ಮಾಡಿಸಿದರು. ಅಂತ್ಯಸಂಸ್ಕಾರವೂ ಆ ಆವರಣದಲ್ಲೇ ನಡೆಯಿತು. ದುರ್ಗಾಬೆನ್, ಹದಿಹರೆಯದ ಮಗ ನಾರಾಯಣ ಇಬ್ಬರೂ ಹತ್ತಿರ ಇರಲಿಲ್ಲ. ಆ ಡೈರಿಗೆ 1955ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಬರೆದವರೇ ಇರಲಿಲ್ಲ.

ನಾವು ಏನು ಕಲಿಯಬೇಕು?

ಈ ಹುದ್ದೆಗೆ ಹೋಗಬೇಕೆಂದಿರುವವರು ಮೊದಲು ಭಾಷೆ ಗಟ್ಟಿ ಮಾಡಿಕೊಳ್ಳಿ. ಕನ್ನಡ, ಇಂಗ್ಲಿಷ್ ಎರಡರಲ್ಲೂ ತಪ್ಪಿಲ್ಲದೆ ಒಂದು ಪತ್ರ ಬರೆಯಲು ಇವತ್ತೇ ಅಭ್ಯಾಸ ಶುರು ಮಾಡಿ. ಆಯಾ ದಿನದ ಕೆಲಸವನ್ನು ಅವತ್ತೇ ಬರೆದಿಡಿ. ಕಿವಿಗೆ ಬಿದ್ದ ಆಫೀಸಿನ ಗುಟ್ಟು ಮನೆ ಹೊಸ್ತಿಲು ದಾಟದಿರಲಿ. ಬಾಸ್ ಮಾಡಿದ್ದು ಸರಿಯಿಲ್ಲ ಅನ್ನಿಸಿದರೆ ಬೆನ್ನ ಹಿಂದೆ ಆಡಿಕೊಳ್ಳದೆ ಎದುರಿಗೇ ಹೇಳಿ. ಮಹಾದೇವರಂತೆ ನಿಮ್ಮದೇ ಹೆಸರಿನ ಒಂದು ಹವ್ಯಾಸವನ್ನೂ ಕೈಬಿಡಬೇಡಿ.

ಆದರೆ ಒಂದು ವಿಷಯದಲ್ಲಿ ಮಾತ್ರ ಅವರ ದಾರಿ ಬೇಡ. ಅವರ ಎದುರಿಗಿದ್ದದ್ದು ದೇಶದ ಸ್ವಾತಂತ್ರ್ಯ. ನಮ್ಮದು ಸಂಬಳದ ಕೆಲಸ. ಸೇರುವ ಮೊದಲೇ ಕೆಲಸದ ವೇಳೆ, ವಾರದ ರಜೆ, ರಾತ್ರಿ ಫೋನ್ ಬರುತ್ತದೆಯೇ ಎಂಬುದನ್ನೆಲ್ಲ ಸಂಕೋಚವಿಲ್ಲದೆ ಕೇಳಿಕೊಳ್ಳಿ. ವರ್ಷಕ್ಕೊಮ್ಮೆ ಬಿ.ಪಿ. ತಪಾಸಣೆ ಮಾಡಿಸಿಕೊಳ್ಳಿ. ಬಾಸ್‌ನ ಡೈರಿ ತುಂಬಿಸುವಾಗ ನಿಮ್ಮ ಡೈರಿಯಲ್ಲೂ ಮನೆಯವರಿಗೆ, ನಿಮಗೆ ಅಂತ ಒಂದಿಷ್ಟು ಹೊತ್ತು ಗುರುತು ಹಾಕಿಡಿ.