ಎಲೆ ಆಟವೆಲ್ಲ ಜೂಜಲ್ಲ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಮನೆಗಳಲ್ಲಿ ಇಸ್ಪೀಟು ಎಂದೊಡನೆ ಹಿರಿಯರು ಹುಬ್ಬು ಗಂಟಿಕ್ಕಿದರೆ ಅದಕ್ಕೆ ಕಾರಣವಿದೆ. ಅಂದರ್-ಬಾಹರ್ ಅಡ್ಡೆಯ ಮೇಲೆ ಪೊಲೀಸರು ದಾಳಿ ಮಾಡಿದ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತದೆ. ಎಲೆಗೆ ಹಣ ಕಟ್ಟಿ ಕೈ ಸುಟ್ಟುಕೊಂಡವರ ಮಾತು ಕೇಳದ ಊರು ಅಪರೂಪ. ಆ ಭಯವನ್ನು ಹೊತ್ತುಕೊಂಡೇ ಹೊರದೇಶಕ್ಕೆ ಬಂದ ಅಪ್ಪ-ಅಮ್ಮಂದಿರು ಮಕ್ಕಳಿಗೆ ಚೆಸ್ ಕಲಿಸುತ್ತಾರೆ, ಕನ್ನಡ ಕೂಟದ ಹಬ್ಬದಲ್ಲಿ ಚೌಕಾಬಾರ, ಅಳಗುಳಿಮಣೆಗಳನ್ನು ಒಪ್ಪವಾಗಿ ಜೋಡಿಸಿಡುತ್ತಾರೆ, ಇಸ್ಪೀಟಿನ ಕಟ್ಟನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಈ ವಿಂಗಡಣೆ ಸರಿಯಲ್ಲ. ಚೌಕಾಬಾರದಲ್ಲಿ ಕವಡೆ ಎಷ್ಟು ಬೀಳುತ್ತದೆ ಎನ್ನುವುದು ಪೂರ್ತಿ ಅದೃಷ್ಟ. ಧರ್ಮರಾಯ ರಾಜ್ಯ ಕಳೆದುಕೊಂಡದ್ದೂ ಎಲೆಯಿಂದಲ್ಲ, ದಾಳದಿಂದ. ಒಂದು ಆಟ ಜೂಜೋ ಅಲ್ಲವೋ ಎಂಬುದನ್ನು ಕೈಯಲ್ಲಿರುವ ಸಾಮಾನು ನೋಡಿ ಹೇಳಲಾಗದು. ಆಡುವವರು ಯೋಚಿಸಿ ತೀರ್ಮಾನಿಸುವುದು ಯಾವಾಗ, ಎಷ್ಟು ಸಲ ಎಂದು ನೋಡಬೇಕು.

ಅಂದರ್-ಬಾಹರ್‌ನಲ್ಲಿ ಒಂದು ಎಲೆಯನ್ನು ತೆರೆದಿಟ್ಟು, ಅದೇ ಅಂಕಿಯ ಇನ್ನೊಂದು ಎಲೆ ಬರುವವರೆಗೆ ಎರಡು ಕಡೆ ಒಂದೊಂದಾಗಿ ಹಾಕುತ್ತಾ ಹೋಗುತ್ತಾರೆ. ಒಳಗೋ ಹೊರಗೋ ಎಂದು ಹಣ ಕಟ್ಟಿದ ಮೇಲೆ ಆಡುವವರಿಗೆ ಕೆಲಸವೇ ಇಲ್ಲ, ನೋಡುತ್ತಾ ಕೂರಬೇಕು ಅಷ್ಟೆ. ಸುತ್ತು ಗೆಲ್ಲುವ ಆಟಗಳು ಇದಕ್ಕೆ ನೇರ ವಿರುದ್ಧ. ಅಲ್ಲಿ ಒಬ್ಬರು ಎಲೆ ಇಳಿಸುತ್ತಾರೆ, ಮಿಕ್ಕವರು ಅದೇ ಜಾತಿಯ ಎಲೆ ಇದ್ದರೆ ಅದನ್ನೇ ಹಾಕಬೇಕು, ದೊಡ್ಡ ಎಲೆ ಹಾಕಿದವರು ಆ ಸುತ್ತನ್ನು ಬಾಚಿಕೊಳ್ಳುತ್ತಾರೆ. ಎಲೆ ಹಂಚಿ ಮುಗಿದ ಮೇಲೆಯೇ ಬುದ್ಧಿಗೆ ಕೆಲಸ ಶುರು. ನಮ್ಮ ಸುಪ್ರೀಂ ಕೋರ್ಟು ಕೂಡ 1968ರಲ್ಲಿ ರಮ್ಮಿಯ ಬಗ್ಗೆ ತೀರ್ಪು ಕೊಡುವಾಗ ಹೆಚ್ಚುಕಡಿಮೆ ಇದೇ ಅಳತೆಗೋಲು ಹಿಡಿಯಿತು: ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸಬೇಕು, ಆದ್ದರಿಂದ ಅದು ಮುಖ್ಯವಾಗಿ ಜಾಣ್ಮೆಯ ಆಟ; ಮೂರೆಲೆಯ ಆಟ ಹಾಗಲ್ಲ. ರಮ್ಮಿ ಸುತ್ತು ಗೆಲ್ಲುವ ಆಟವಲ್ಲ, ನಿಜ. ಆದರೆ ಆ ಅಳತೆಗೋಲಿನಿಂದ ನೋಡಿದರೆ ‘ಇಪ್ಪತ್ತೆಂಟು’ ಎಂಬ ಸುತ್ತು ಗೆಲ್ಲುವ ಆಟ ರಮ್ಮಿಗಿಂತ ಮುಂದೆಯೇ ನಿಲ್ಲುತ್ತದೆ.

ಎಚ್.ಡಿ. ಕೋಟೆ ತಾಲ್ಲೂಕಿನ ಗಡಿ ದಾಟಿದರೆ ಕೇರಳದ ವಯನಾಡು. ಇಪ್ಪತ್ತೆಂಟು ಕೇರಳದಲ್ಲಿ ಬಹಳ ಮೆಚ್ಚಿನ ಆಟ, ನಮ್ಮಲ್ಲೂ ಆಡುವವರಿದ್ದಾರೆ. ನಾಲ್ವರು ಕೂರುತ್ತಾರೆ, ಎದುರುಬದುರು ಕೂತವರು ಜೊತೆಗಾರರು. ಎರಡರಿಂದ ಆರರವರೆಗಿನ ಎಲೆಗಳನ್ನು ತೆಗೆದರೆ 32 ಉಳಿಯುತ್ತವೆ. ಗುಲಾಮನಿಗೆ 3 ಅಂಕ, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ನಾಲ್ಕು ಜಾತಿ ಸೇರಿ 28. ದೊಡ್ಡಸ್ತಿಕೆಯ ಸಾಲೂ ಹೀಗೆಯೇ: ಗುಲಾಮ, ಒಂಬತ್ತು, ಎಕ್ಕ, ಹತ್ತು, ಆಮೇಲೆ ರಾಜ, ರಾಣಿ, ಎಂಟು, ಏಳು. ರಾಜ ರಾಣಿಯರಿಗೆ ಅಂಕ ಸೊನ್ನೆ. (ಮಕ್ಕಳಿಗೆ ಇದು ಬಹಳ ಖುಷಿ ಕೊಡುವ ನಿಯಮ.) ಮೊದಲು ನಾಲ್ಕು ಎಲೆ ಹಂಚಿ, ಎಷ್ಟು ಅಂಕ ಗೆಲ್ಲಬಲ್ಲಿರಿ ಎಂದು ಕೂಗಿಸುತ್ತಾರೆ, ಕೂಗು 14ರಿಂದ ಶುರು. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಹರಾಜಿನಲ್ಲಿ ಕೊಳ್ಳುವವರ ಕಣ್ಣೆದುರು ಬೇಲು ಇರುತ್ತದೆ, ಅದನ್ನು ನೋಡಿ ಬೆಲೆ ಹೇಳುತ್ತಾರೆ. ಇಲ್ಲಿ ಹರಾಜಾಗುವಾಗ ಅರ್ಧ ಸರಕು ಇನ್ನೂ ಕೈಗೆ ಬಂದೇ ಇಲ್ಲ. ಗೆದ್ದ ಕೂಗಿನವರು ತಮ್ಮ ಒಂದು ಎಲೆಯನ್ನು ತುರುಫು (ಮಿಕ್ಕ ಜಾತಿಗಳನ್ನೆಲ್ಲ ಸೋಲಿಸುವ ಜಾತಿ) ಎಂದು ಬೋರಲು ಇಡುತ್ತಾರೆ, ಉಳಿದ ನಾಲ್ಕು ಎಲೆ ಹಂಚಿಕೆಯಾಗುತ್ತದೆ. ಇಳಿಸಿದ ಜಾತಿ ತಮ್ಮಲ್ಲಿ ಇಲ್ಲದವರು ಕೇಳಿದಾಗಲೇ ಆ ತುರುಫು ಬಯಲಾಗುವುದು. ಅಲ್ಲಿಯವರೆಗೆ ಅದಕ್ಕೆ ಬಲವಿಲ್ಲ.

ಯೋಚನೆ ಎಷ್ಟು ಬೇಕು ಎಂಬುದಕ್ಕೆ ಒಂದು ಉದಾಹರಣೆ. ನಿಮ್ಮ ಕೈಯಲ್ಲಿ ಆಟೀನಿನ ಒಂಬತ್ತು, ರಾಜ, ಏಳು ಇವೆ. ಆಟೀನು ತುರುಫಲ್ಲ ಎಂದಿಟ್ಟುಕೊಳ್ಳಿ. ಮೊದಲ ಆಟೀನು ಸುತ್ತಿನಲ್ಲಿ ಗುಲಾಮ, ಎಕ್ಕ, ಎಂಟು ಮತ್ತು ನಿಮ್ಮ ಏಳು ಬಿದ್ದವು. ಒಟ್ಟು ಎಂಟು ಆಟೀನಿನಲ್ಲಿ ನಾಲ್ಕು ಹೋದವು, ಎರಡು ನಿಮ್ಮಲ್ಲಿವೆ, ಹೊರಗೆ ಉಳಿದದ್ದು ಹತ್ತು ಮತ್ತು ರಾಣಿ. ಗುಲಾಮ ಹೋಗಿರುವುದರಿಂದ ಈಗ ನಿಮ್ಮ ಒಂಬತ್ತೇ ದೊಡ್ಡದು. ಹಾಗೆಂದು ಮುಂದಿನ ಸಲ ಅದನ್ನು ಇಳಿಸಿಬಿಡಬಹುದೇ? ಹೊರಗಿರುವ ಎಲೆ ಎರಡು, ನಿಮ್ಮನ್ನು ಬಿಟ್ಟು ಆಡುವವರು ಮೂವರು. ಅಂದಮೇಲೆ ಮೂವರಲ್ಲಿ ಕನಿಷ್ಠ ಒಬ್ಬರ ಬಳಿ ಆಟೀನು ಇಲ್ಲವೇ ಇಲ್ಲ. ಅವರು ಎದುರಾಳಿಯಾಗಿದ್ದು, ಕೈಯಲ್ಲಿ ತುರುಫು ಇದ್ದರೆ ನಿಮ್ಮ ಎರಡು ಅಂಕಕ್ಕೆ ಸಂಚಕಾರ. ಜೊತೆಗಾರರೇ ಆಗಿದ್ದರೆ ಭಯವಿಲ್ಲ. ಯಾರಿರಬಹುದು? ಇದಕ್ಕೆ ಉತ್ತರ ಅವರು ಕೂಗಿದ ರೀತಿಯಲ್ಲಿ, ಹಿಂದಿನ ಸುತ್ತುಗಳಲ್ಲಿ ಅವರು ಬಿಟ್ಟುಕೊಟ್ಟ ಎಲೆಗಳಲ್ಲಿ ಸಿಗುತ್ತದೆ. ಜೊತೆಗಾರರನ್ನು ಬಾಯಿಬಿಟ್ಟು ಕೇಳುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಅದೇ ಜಾತಿಯ ಎಲೆ ಇದ್ದೂ ಇಲ್ಲವೆಂದು ನಟಿಸುವುದನ್ನು ಆ ಗಳಿಗೆಯಲ್ಲಿ ತಡೆಯುವವರೂ ಇಲ್ಲ. ಪ್ರತಿಯೊಬ್ಬರೂ ಪ್ರಾಮಾಣಿಕರಾಗಿದ್ದಾರೆ ಎಂಬ ನಂಬಿಕೆಯ ಮೇಲೆಯೇ ಈ ಲೆಕ್ಕವೆಲ್ಲ ನಿಂತಿದೆ. ಇಷ್ಟನ್ನು ಎಂಟು ಎಲೆಯ ಕೈಯಲ್ಲಿ ಕಲಿಸುವ ಬೇರೆ ಆಟ ಸುಲಭಕ್ಕೆ ಸಿಗದು.

ಎಲೆ ಆಟ ನಮ್ಮ ಸಂಸ್ಕೃತಿಯಲ್ಲ, ಪರಂಗಿಯವರದು ಎನ್ನುವವರಿದ್ದಾರೆ. ಇಸ್ಪೀಟಿನ ಕಟ್ಟು ಹೊರಗಿನಿಂದ ಬಂತು, ಒಪ್ಪಿಕೊಳ್ಳೋಣ. ಆದರೆ ಅದಕ್ಕೆ ಸೋದರಸಂಬಂಧಿಯಾದ ಗಂಜೀಫಾ ಎಲೆಗಳ ಮಾತು 1527ರಲ್ಲೇ ಬಾಬರನ ದಿನಚರಿಯಲ್ಲಿ ಬರುತ್ತದೆ, ಮತ್ತು ಅದನ್ನು ಅತ್ಯಂತ ಉತ್ಸಾಹದಿಂದ ಬೆಳೆಸಿದ ಅರಸರಲ್ಲಿ ಒಬ್ಬರು ನಮ್ಮ ಮೈಸೂರಿನವರೇ: ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳೇ ಹತ್ತು ಜಾತಿ, ಒಂದೊಂದಕ್ಕೆ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತು; ಒಟ್ಟು 120 ಎಲೆ. ಮೂವರು ಆಡಿದರೆ ತಲಾ ನಲವತ್ತು. ತುರುಫು ಇಲ್ಲ. ಅರ್ಧ ಜಾತಿಗಳಲ್ಲಿ ಮಂತ್ರಿಯ ನಂತರ ಹತ್ತು ದೊಡ್ಡದು, ಇನ್ನರ್ಧದಲ್ಲಿ ಒಂದು ದೊಡ್ಡದು. ನೆನಪಿಗೆ ಇದೊಂದು ಹೆಚ್ಚುವರಿ ಹೊರೆ. ಮುಮ್ಮಡಿಯವರಿಗೆ ಇಷ್ಟೂ ಸಾಲಲಿಲ್ಲ. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ವಿವರಿಸಿರುವ ‘ಚದ’ ಆಟಗಳಲ್ಲಿ ಹದಿನೆಂಟು ಜಾತಿಯವರೆಗೂ, 360 ಎಲೆಯವರೆಗೂ ಇವೆ. ಕಾಯಂ ತುರುಫುಗಳೂ ಉಂಟು. ಅಷ್ಟು ತೊಡಕಿನ ಆಟಗಳನ್ನು ಅರಮನೆಯೊಳಗಾದರೂ ಎಷ್ಟು ಜನ ಆಡಿದರೋ ಎಂಬ ಸಂಶಯ ಸಹಜವೇ. ಆ ಎಲೆಗಳು ಕೈಯಿಂದ ಬರೆದ ಚಿತ್ರಗಳು, ಬೆಲೆಬಾಳುವವು. ಅವು ಹುಣಸೂರಿನ ಜಗಲಿಗೆ ಇಳಿದು ಇಪ್ಪತ್ತೆಂಟಾದವು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ಇತಿಹಾಸದಿಂದ ತಿಳಿಯುವುದು ಇಷ್ಟೇ: ಚದುರಂಗದ ಕುದುರೆ ನಡೆಗಳ ಬಗ್ಗೆ ತಲೆ ಕೆಡಿಸಿಕೊಂಡ ಅರಸರು ಎಲೆ ಆಟವನ್ನೂ ಅದೇ ಗೌರವದಿಂದ ಕಂಡರು. ಕಲಾವಿದ ರಘುಪತಿ ಭಟ್ಟರು ಮೈಸೂರು ಗಂಜೀಫಾ ಚಿತ್ರಕಲೆಗೆ ಮತ್ತೆ ಜೀವ ಕೊಟ್ಟರು. ಎಲೆಗಳನ್ನು ಈಗ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವವರೇ ಹೆಚ್ಚು, ಕೂತು ಆಡುವವರು ಇಲ್ಲವೆನ್ನಬೇಕು.

ಒಳ್ಳೆಯ ಎಲೆ ಬರುವುದು ಅದೃಷ್ಟವಲ್ಲವೇ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಹೌದು, ಒಂದು ಆಟದಲ್ಲಿ ಅದೃಷ್ಟ ಗೆಲ್ಲಿಸಬಹುದು. ನೂರು ಆಟದಲ್ಲಿ ಅದರ ಆಟ ನಡೆಯದು. ಬ್ರಿಜ್ ಪಂದ್ಯಗಳಲ್ಲಿ ಒಂದೇ ಹಂಚಿಕೆಯ ಎಲೆಗಳನ್ನು ಬೇರೆ ಬೇರೆ ಮೇಜುಗಳಲ್ಲಿ ಆಡಿಸಿ ಅದೃಷ್ಟವನ್ನು ಹೆಚ್ಚುಕಡಿಮೆ ಹೊರಗೇ ಹಾಕುತ್ತಾರೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಬ್ರಿಜ್‌ನ ಪುರುಷರ ಜೋಡಿ ಚಿನ್ನ ಗೆದ್ದವರು ಭಾರತದ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್. ಬರ್ಧನ್ ಅವರಿಗೆ ಆಗ ಅರವತ್ತು ವಯಸ್ಸು. ಹಣ ಕಟ್ಟಿದರೆ ಇಪ್ಪತ್ತೆಂಟೂ ಕೆಡುತ್ತದಲ್ಲ ಎಂದರೆ, ಕೆಡುತ್ತದೆ. ಕ್ರಿಕೆಟ್ಟಿಗೂ ಹಣ ಕಟ್ಟುವವರಿದ್ದಾರೆ, ಯಾರೂ ಮಕ್ಕಳ ಬ್ಯಾಟು ಕಿತ್ತುಕೊಂಡಿಲ್ಲ. ದುಡ್ಡು ಮೇಜಿನ ಹತ್ತಿರ ಸುಳಿಯಕೂಡದು ಎಂಬ ನಿಯಮ ಸಾಕು.

ಇನ್ನು ಹೊರದೇಶದ ಮನೆಯಲ್ಲಿ ನಾಲ್ವರು ಸೇರುವುದೇ ಕಷ್ಟ ಎಂಬ ಮಾತು. ಅಪ್ಪ, ಅಮ್ಮ, ಒಂದು ಮಗು ಇರುವ ಮನೆಗೆ ‘ಮೂರು-ಎರಡು-ಐದು’ ಹೇಳಿ ಮಾಡಿಸಿದಂತಿದೆ. ಎಕ್ಕದಿಂದ ಎಂಟರವರೆಗಿನ 28 ಎಲೆ, ಜೊತೆಗೆ ಇಸ್ಪೀಟು ಮತ್ತು ಆಟೀನಿನ ಏಳು: ಒಟ್ಟು 30, ತಲಾ ಹತ್ತು. ಇಲ್ಲಿ ಎಕ್ಕವೇ ದೊಡ್ಡದು. ಮೊದಲ ಐದು ಎಲೆ ನೋಡಿ ತುರುಫು ಹೇಳಿದವರು ಐದು ಸುತ್ತು ಗೆಲ್ಲಬೇಕು, ಎಲೆ ಹಂಚಿದವರು ಎರಡು, ಉಳಿದವರು ಮೂರು. ತಮ್ಮ ಪಾಲಿಗಿಂತ ಹೆಚ್ಚು ಗೆದ್ದವರಿಗೆ ಕಡಿಮೆ ಗೆದ್ದವರು ಬಾಕಿದಾರರು. ಮುಂದಿನ ಆಟದಲ್ಲಿ ಹೆಚ್ಚು ಗೆದ್ದವರು ಬಾಕಿಗೆ ಒಂದರಂತೆ ಬಾಕಿದಾರರ ಕೈಯಿಂದ ನೋಡದೆ ಎಲೆ ಎಳೆದುಕೊಂಡು, ತಮಗೆ ಬೇಡವಾದ ಒಂದು ಎಲೆಯನ್ನು ವಾಪಸು ಕೊಡಬಹುದು. ಐದು ಗೆಲ್ಲಬೇಕಾದ ಸರದಿ ಬಂದಾಗಲೇ ಕೈಯಲ್ಲಿದ್ದ ತುರುಫಿನ ಎಕ್ಕ ಬಾಕಿಗೆ ಹೋದರೆ ಅಮ್ಮನಾದರೂ ಬಿಟ್ಟುಕೊಡುವುದಿಲ್ಲ, ಮಕ್ಕಳೂ ಕೇಳಬಾರದು.